ಹೊಸ ಹೆಪ್ಪು

ಹೊಳೆಬಸ್ತಿಗೆ ಬರುವ ಬಸ್ಸಿನಲ್ಲಿ ನಿದ್ದೆ ಹೋದವರನ್ನು ಕಂಡಕ್ಟರು ಎಬ್ಬಿಸಬೇಕಾಗಿರಲಿಲ್ಲ. ಸೇತುವೆ ಹತ್ತಿರ ಬಂದರೆ ಸಾಕು, ವಾಸನೆಯೇ ಎಬ್ಬಿಸುತ್ತಿತ್ತು. ಊರಿನ ಗಟಾರುಗಳೆಲ್ಲ ಕೂಡಿ ಹೊಳೆಗೆ ಬೀಳುವ ಜಾಗ ಅದು. ಪುರಸಭೆಯವರು ಅಲ್ಲೊಂದು ಕೊಳಚೆ ನೀರಿನ ಶುದ್ಧೀಕರಣ ಘಟಕ ಕಟ್ಟಿಸಿರಲಿಲ್ಲವೆಂದಲ್ಲ. ಕಟ್ಟಿಸಿದ್ದರು. ಕರೆಂಟು ಇದ್ದ ದಿನ ತೊಟ್ಟಿಗೆ ಗಾಳಿ ಊದುವ ಯಂತ್ರ ಕೆಟ್ಟಿರುತ್ತಿತ್ತು, ಯಂತ್ರ ಸರಿಯಿದ್ದ ದಿನ ಕರೆಂಟು ಇರುತ್ತಿರಲಿಲ್ಲ. ಎರಡೂ ಇದ್ದ ದಿನ ನೀರು ತಕ್ಕಮಟ್ಟಿಗೆ ತಿಳಿಯಾಗಿ ಹೊಳೆ ಸೇರುತ್ತಿತ್ತು. ಅಂಥ ದಿನಗಳನ್ನು ಘಟಕದ ಕೆಮಿಸ್ಟ್ ನೀಲಾಂಬಿಕಾ ಹೂಗಾರ ಒಬ್ಬಳೇ ನೆನಪಿಟ್ಟುಕೊಂಡಿದ್ದಳು.

ಈಗ ಅದೇ ಸೇತುವೆಯ ಮೇಲೆ ಜನ ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಹೊಳೆಯ ತಳದ ಹರಳುಗಳು ಕಾಣುತ್ತಿದ್ದವು. ಪುರಸಭೆ ದಂಡೆಯ ಮೇಲೆ ಬೆಂಚು ಹಾಕಿಸಿ, ಬೆಂಚಿನ ಬೆನ್ನಿಗೆ ಅಧ್ಯಕ್ಷರ ಹೆಸರು ಬರೆಸಿತ್ತು. ಇಷ್ಟೆಲ್ಲ ಆದದ್ದು ಡಾಕ್ಟರ್ ಇಮ್ತಿಯಾಜ್ ಕಿಲ್ಲೇದಾರ ತಂದ ಹೊಸ ಹೆಪ್ಪಿನಿಂದ.

ಹೆಪ್ಪು ಎನ್ನುವುದು ಊರವರು ಇಟ್ಟ ಹೆಸರು. ಅದನ್ನು ರೂಪಿಸಿದ ಸಂಶೋಧನಾ ಕೇಂದ್ರದವರು ನಾಲಿಗೆಯಲ್ಲಿ ಹೊರಳದ ಹೆಸರೊಂದನ್ನು ಕೊಟ್ಟಿದ್ದರು. ಆದರೆ ಘಟಕ ನೋಡಲು ಬಂದ ಮಹಿಳಾ ಸಂಘದವರಿಗೆ ನೀಲಾಂಬಿಕಾ ತಿಳಿಸಿ ಹೇಳಿದ್ದು ಹೀಗೆ:

“ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಂಗ. ಈ ತೊಟ್ಟ್ಯಾಗ ಕಣ್ಣಿಗೆ ಕಾಣದ ಸಾವಿರ ನಮೂನಿ ಜೀವ ಇರತಾವು. ಹೊಲಸು ತಿಂತಾವು, ಹೊಟ್ಟಿ ತುಂಬಿದ ಮ್ಯಾಲೆ ಒಂದಕ್ಕೊಂದು ಅಂಟಿಕೊಂಡು ಕೆಸರಾಗಿ ತಳಕ್ಕ ಕುಂದರತಾವು. ಮ್ಯಾಲಿನ ನೀರು ತಿಳಿ ಆಗತೈತಿ. ಆ ಕೆಸರಿನ್ಯಾಗ ಒಂದೀಟು ನಾಳಿಗೆ ಉಳಿಸ್ಕೋಬೇಕು. ಅದ ಹೆಪ್ಪು.”

ಹಳೆಯ ಹೆಪ್ಪಿನದು ಮುಂಗೋಪ. ಯಾರೋ ಬಣ್ಣದ ನೀರು ಸುರಿದರೆ ಸಾಯುತ್ತಿತ್ತು, ಗಾಳಿ ಕಡಿಮೆಯಾದರೆ ಕೊಳೆಯುತ್ತಿತ್ತು. ಇಮ್ತಿಯಾಜ್ ರೂಪಿಸಿದ್ದು ಸಾವಿರ ಬಗೆಯಲ್ಲ, ಒಂದೇ ಬಗೆ. ಅದಕ್ಕೆ ಗಾಳಿ ಊದಬೇಕಿಲ್ಲ. ಸಾವಿರ ಜೀವಿಗಳ ಕೆಲಸವನ್ನು ತಾನೊಂದೇ ಒಂದು ಗಂಟೆಯಲ್ಲಿ ಮುಗಿಸುತ್ತಿತ್ತು. ತನ್ನ ಸುತ್ತ ಸಣ್ಣಗೆ ವಿಷವೊಂದನ್ನು ಉಗುಳಿ, ಬೇರೆ ಯಾವ ಸೂಕ್ಷ್ಮಜೀವಿಯೂ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಿತ್ತು. ತೊಟ್ಟಿ ಅದರದೊಂದೇ ರಾಜ್ಯ.

“ಇಂಥಾದ್ದು ಹೊಳಿಗೆ ಹೋದ್ರ ಏನ್ ಗತಿ ಸಾಹೇಬ್ರ?” ಎಂದು ನೀಲಾಂಬಿಕಾ ಮೊದಲ ದಿನವೇ ಕೇಳಿದ್ದಳು.

ಇಮ್ತಿಯಾಜ್ ಪಕ್ಕದ ತಾಲ್ಲೂಕಿನವನೇ. ದೊಡ್ಡ ಊರು ಸೇರಿದ್ದರೂ ಮಾತು ಬಿಟ್ಟಿರಲಿಲ್ಲ. “ಅದಕ್ಕ ಲಗಾಮು ಹಾಕೀನ್ರಿ ಅಕ್ಕಾರ,” ಎಂದು ನಕ್ಕು ಒಂದು ಡಬ್ಬಿ ತೋರಿಸಿದ್ದ. ಒಳಗೆ ಕಲ್ಲುಸಕ್ಕರೆಯ ಪುಡಿಯಂಥ ಬಿಳಿ ಹರಳು. “ಇದು ಸಿಗಲಿಲ್ಲಂದ್ರ ಅದು ಬೆಳಿಯಂಗಿಲ್ಲ, ತಾಸೆರಡು ತಾಸಿಗೆ ಸತ್ತ ಹೋಗತೈತಿ. ಹೊಳ್ಯಾಗ ಇದು ಇಲ್ಲ, ಗಟಾರದಾಗೂ ಇಲ್ಲ. ಎಲ್ಲಾ ಕಡೆ ನೀರು ತಗದು ಪರೀಕ್ಷೆ ಮಾಡೇವಿ. ನಾವು ಹಾಕಿದ್ರ ಉಂಟು, ಇಲ್ಲಾಂದ್ರ ಇಲ್ಲ.”

ಡಬ್ಬಿಯ ಮುಚ್ಚಳ ತೆಗೆದಾಗ ಮನೆಯ ವಾಸನೆ ಬಂದಂತಾಯಿತು ನೀಲಾಂಬಿಕಾಗೆ. ತನ್ನ ಸೀರೆಯದಿರಬೇಕೆಂದುಕೊಂಡಳು. ಅವಳ ಅವ್ವ ಬಸಲಿಂಗವ್ವ ಊರಿನ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವಾಕೆ. ಬಾಣಂತಿ ಕೋಣೆಗಳಲ್ಲೇ ಕಾಲ ಕಳೆದ ಆ ಮುದುಕಿ ಮಡಚಿಟ್ಟ ಸೀರೆಗಳಿಗೆ ಸದಾ ಒಂದು ವಾಸನೆ ಅಂಟಿರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ವಾಸನೆಗೂ ಸಲ್ಲುತ್ತದೆ. ಹುಟ್ಟಿದಾಗಿನಿಂದ ಮೂಗಿಗೆ ಬಡಿಯುತ್ತಿರುವುದನ್ನು ಮೂಗು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೊಸ ಹೆಪ್ಪು ಬಂದದ್ದು ಖಂಡೇ ಪೂಜೆಯ ಸಮಯಕ್ಕೆ. ನಮ್ಮ ಕಡೆ ಆ ದಿನ ಕುಡುಗೋಲಿನಿಂದ ಹಿಡಿದು ಜೆಸಿಬಿಯವರೆಗೆ ಎಲ್ಲವನ್ನೂ ತಿಕ್ಕಿ ತೊಳೆದು ಕುಂಕುಮ ಹಚ್ಚುವುದು ವಾಡಿಕೆ. ತೊಟ್ಟಿಯನ್ನೂ ತಿಕ್ಕಿ ತೊಳೆಯಬೇಕೆಂದು ಅಧ್ಯಕ್ಷರು ಹಟ ಹಿಡಿದರು. ಹಳೆಯ ಕೆಸರನ್ನು ಒಂದು ಮೂಲೆಯಲ್ಲಾದರೂ ಇಟ್ಟುಕೊಳ್ಳಬೇಕು ಎಂದು ನೀಲಾಂಬಿಕಾಗೆ ಅನಿಸಿತ್ತು. ಆದರೆ ಹಬ್ಬದ ದಿನ ಹೊಲಸನ್ನು ಕೂಡಿಡಿ ಎಂದು ಯಾರಿಗೆ ಹೇಳುವುದು? ಟ್ಯಾಂಕರು ಬಂತು, ಕೆಸರೆಲ್ಲ ಹೋಯಿತು. ತೊಟ್ಟಿ ಊಟದ ತಾಟಿನಂತೆ ಹೊಳೆಯಿತು. ಅದರ ನಾಲ್ಕೂ ಮೂಲೆಗೆ ಬಾಳೆಕಂಬ ಕಟ್ಟಿದರು.

ಬೇಸಿಗೆಯಲ್ಲಿ ಮೇಲಿನ ಹೊಳೆ ಬತ್ತಿತು. ಘಟಕದಿಂದ ಹೊರಬರುವ ನೀರು ಮಾತ್ರ ಥಳಥಳ ಎನ್ನುತ್ತಿತ್ತು. ಅದನ್ನೇ ಕ್ಲೋರಿನ್ ಹಾಕಿ ಕುಡಿಯುವ ನೀರಿನ ಟ್ಯಾಂಕಿಗೆ ಏರಿಸಬಾರದೇಕೆ ಎಂದು ಅಧ್ಯಕ್ಷರಿಗೆ ಹೊಳೆಯಿತು. ಪರೀಕ್ಷೆ ನಡೆಯಿತು. ನೀರಿನಲ್ಲಿ ಬದುಕಿರುವ ಒಂದು ಜೀವಿಯೂ ಇರಲಿಲ್ಲ. ಅಧ್ಯಕ್ಷರು ಟಿವಿಯವರ ಮುಂದೆ ಒಂದು ಗ್ಲಾಸು ನೀರನ್ನು ಕಣ್ಣು ಮುಚ್ಚಿ ಕುಡಿದು, ಕಣ್ಣು ಬಿಟ್ಟು, “ತೆಂಗಿನ ನೀರು ಇದ್ದಂಗ ಐತಿ,” ಎಂದರು. ಕೆಲವರು ಮೂಗು ಮುರಿದರು. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಲ್ಲಿಯಲ್ಲಿ ಬೇರೆ ನೀರಿಲ್ಲದ ಮೇಲೆ ಎಲ್ಲರೂ ಅದನ್ನೇ ಕುಡಿದರು.

ಅದೇ ಬೇಸಿಗೆಯಲ್ಲಿ ನೀಲಾಂಬಿಕಾಳ ಮಗಳು ಸುಮಿತ್ರಾ ಹೆಣ್ಣು ಕೂಸು ಹೆತ್ತಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಗಂಡ ತೀರಿದ ಮೇಲೆ ಮಂಕು ಹಿಡಿದಿದ್ದ ನೀಲಾಂಬಿಕಾಳ ಮನೆಗೆ ತೊಟ್ಟಿಲು ಬಂದು ಮತ್ತೆ ಗೆಲುವು ಬಂದಿತು. ಊರಿನ ಅರ್ಧ ಕೂಸುಗಳಿಗೆ ಎರೆದ ಬಸಲಿಂಗವ್ವನಿಗೆ ಮೊಮ್ಮಗಳ ಮಗಳಿಗೆ ಎರೆಯುವ ಭಾಗ್ಯ ಬಂದಿತ್ತು. ಕೋಣೆಯ ಕಿಟಕಿ ಮುಚ್ಚಿ, ಬೆಂಕಿಯ ಬುಟ್ಟಿಗೆ ಅಜವಾನ, ಅಂದರೆ ಓಮದ ಕಾಳು, ಉದುರಿಸಿ ಹೊಗೆ ಹಾಕುತ್ತಿದ್ದಳು. ಬಾಣಂತಿಗೆ ಕುಡಿಯಲು ಅಜವಾನ ಕುದಿಸಿದ ನೀರು. ಕೂಸು ಹೊಟ್ಟೆನೋವೆಂದು ಅತ್ತರೆ ಅದೇ ನೀರು ಆರಿಸಿ ಬೆಳ್ಳಿ ಒಳಲೆಯಲ್ಲಿ ಒಂದೆರಡು ಹನಿ. ಗಂಡಸರಿಗೆ ಆ ಕೋಣೆಯೊಳಗೆ ಪ್ರವೇಶವಿಲ್ಲ. ಕೂಸಿನ ಅಪ್ಪ ಬಂದರೂ ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದ.

ಮೊದಲು ಕೆಟ್ಟದ್ದು ಮೊಸರು. ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಗಾದರೆ ಹಾಲಾಗಿಯೇ ಇರುತ್ತಿತ್ತು. ಒಂದು ದಿನ ಬಿಟ್ಟರೆ ಕೆಟ್ಟ ವಾಸನೆ ಹಿಡಿಯುತ್ತಿತ್ತೇ ಹೊರತು ಗಟ್ಟಿಯಾಗುತ್ತಿರಲಿಲ್ಲ. ಬಸಲಿಂಗವ್ವ ಹಾಲಿನವನನ್ನು ಬೈದಳು, ಪಾತ್ರೆ ಬದಲಿಸಿದಳು, ಹೆಪ್ಪು ಬದಲಿಸಿದಳು. ಪಕ್ಕದ ಮನೆಗೆ ಹೆಪ್ಪು ಕೇಳಲು ಹೋದರೆ ಆ ಮನೆಯಾಕೆ ಮುಖ ತಿರುಗಿಸಿ, “ದೀಪ ಹಚ್ಚೇನ್ರಿ, ಹೊತ್ತು ಮುಳುಗಿದ ಮ್ಯಾಲೆ ಹೆಪ್ಪು ಕೊಡಬಾರದು,” ಎಂದಳು. ಹೊರಗೆ ಇನ್ನೂ ಬಿಸಿಲಿತ್ತು.

ಆಗ ತಿಳಿಯಿತು, ಊರಿನಲ್ಲಿ ಮಾತು ಹಬ್ಬಿತ್ತು: ಬಾಣಂತಿ ಇರುವ ಮನೆಯಲ್ಲಿ ಮೊಸರು ಹೆಪ್ಪಾಗುತ್ತಿಲ್ಲ. ಅಂಥ ಮನೆಗೆ ಹೆಪ್ಪು ಕೊಟ್ಟರೆ ಕೊಟ್ಟವರ ಮನೆಯ ಮೊಸರೂ ಕೆಡುತ್ತದೆ. ಯಾವುದೋ ದೃಷ್ಟಿ, ಯಾವುದೋ ಮೈಲಿಗೆ. ಮೊಸರು ಕೆಟ್ಟರೆ ಮಜ್ಜಿಗೆ ಇಲ್ಲದೆ ಉಣ್ಣಬಹುದು. ಕೂಸುಗಳ ಹೊಟ್ಟೆ ಕೆಟ್ಟದ್ದು ಹಾಗಲ್ಲ.

ಸುಮಿತ್ರಾಳ ಕೂಸು ಹಾಲು ಕುಡಿಯುತ್ತಿತ್ತು, ಆದರೆ ಮೈ ಹಿಡಿಯುತ್ತಿರಲಿಲ್ಲ. ಹೊಟ್ಟೆ ಉಬ್ಬರಿಸಿ ತಮಟೆಯ ಹಾಗೆ ಬಿಗಿಯಾಗಿರುತ್ತಿತ್ತು. ಹಸಿರು ಹಸಿರಾಗಿ ಕಕ್ಕ ಮಾಡುತ್ತಿತ್ತು. ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಕಿರುಚಿ, ಕೊನೆಗೆ ಕಿರುಚಲೂ ತ್ರಾಣವಿಲ್ಲದೆ ಕುಂಯ್ಗುಟ್ಟುತ್ತಿತ್ತು. ಆ ಕುಂಯ್ಗುಟ್ಟುವಿಕೆ ಕೇಳಿದರೆ ನೀಲಾಂಬಿಕಾ ನಡುರಾತ್ರಿಯಲ್ಲೂ ಎದ್ದು ಬಂದು ತೊಟ್ಟಿಲ ಪಕ್ಕ ಕೂರುತ್ತಿದ್ದಳು.

“ವಾಯು ಆಗೇತಿ,” ಎನ್ನುತ್ತಿದ್ದಳು ಬಸಲಿಂಗವ್ವ. “ಇನ್ನೊಂದೀಟು ಅಜವಾನ ಹೆಚ್ಚಿಗಿ ಹಾಕ್ತೀನಿ ತಡಿ.”

“ಆಯಿ, ನಿನ್ನೆನೂ ಹಂಗ ಅಂದಿ,” ಎಂದು ಸುಮಿತ್ರಾ ಅತ್ತಳು.

“ನಿನ್ನ ಅವ್ವಗೂ ಇದನ್ನ ಕುಡಿಸೀನಿ, ನಿನಗೂ ಇದನ್ನ ಕುಡಿಸೀನಿ. ಇಬ್ರೂ ಗುಂಡಕಲ್ಲ ಆಗೀರಿ. ಸುಮ್ಮನ ಕುಡಿ.”

ಮಕ್ಕಳ ಡಾಕ್ಟರು ಔಷಧ ಬದಲಿಸಿ ಬದಲಿಸಿ ಸೋತರು. ಇಂಥ ಕೂಸುಗಳು ಊರಲ್ಲಿ ಇನ್ನೂ ಇದ್ದವು. ಎಲ್ಲವೂ ಹಸುಗೂಸುಗಳೇ, ದೊಡ್ಡವರಿಗೆ ಏನೂ ಆಗುತ್ತಿರಲಿಲ್ಲ. ನೀರನ್ನು ಕುದಿಸಿ ಕೊಡಿ ಎಂದರು ಡಾಕ್ಟರು. ಕುದಿಸದೆ ಯಾರೂ ಕೊಡುತ್ತಿರಲಿಲ್ಲ.

ಒಂದು ಮುಂಜಾನೆ ಕುಂಬಾರ ಓಣಿಯ ಗಂಡು ಕೂಸು ತೀರಿಕೊಂಡಿತು. ಬಸಲಿಂಗವ್ವ ಹಿಂದಿನ ದಿನವಷ್ಟೇ ಅದಕ್ಕೆ ಎರೆದು ಬಂದಿದ್ದಳು. ಮಣ್ಣಿಗೆ ಹೋಗಿ ಬಂದವಳು ಕಟ್ಟೆಯ ಮೇಲೆ ಕುಳಿತು ತನ್ನ ಎರಡೂ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡಳು.

“ನನ್ನ ಕೈಗುಣ ಹೋತೇನ ನೀಲಾ?” ಎಂದಳು. “ಮಂದಿ ಹಂಗ ಅನ್ನಾಕತ್ತಾರ.”

ನೀಲಾಂಬಿಕಾಳ ತಲೆಯಲ್ಲಿ ಬೇರೆ ಹೆದರಿಕೆ ಹೊಕ್ಕಿತ್ತು. ಅದನ್ನು ಬಾಯಿ ಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೇನೋ ಎಂಬ ಅಂಜಿಕೆ ಬೇರೆ. ಘಟಕಕ್ಕೆ ಹೋಗಿ ಇಮ್ತಿಯಾಜನಿಗೆ ಫೋನು ಮಾಡಿದಳು. ನೀರಿನ ಮೇಲೆ ಅನುಮಾನ ಬಂದಿದೆ ಎಂದಳು. ಅವನು ಅದೇ ಸಂಜೆ ಬಂದ. ನಲ್ಲಿ ನೀರು, ಟ್ಯಾಂಕಿನ ನೀರು, ಘಟಕದ ನೀರು ಎಲ್ಲವನ್ನೂ ಪರೀಕ್ಷೆಗಿಟ್ಟ. ಎಷ್ಟು ಹೊತ್ತು ಕಾದರೂ ಒಂದರಲ್ಲೂ ಏನೂ ಬೆಳೆಯಲಿಲ್ಲ.

“ಸತ್ತ ಹೋಗ್ಯಾವ್ರಿ ಅಕ್ಕಾರ, ಎಲ್ಲಾ ಸತ್ತ ಹೋಗ್ಯಾವು,” ಎಂದ ಅವನು. ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ, ಅವನಿಗೂ ಅದು ನಿಜವಾಗಿರಲಿ ಎಂಬ ಆಸೆ ಇದ್ದಂತಿತ್ತು. ನಂಬಬೇಕೆಂದು ನೀಲಾಂಬಿಕಾಗೂ ಅನಿಸಿತು. ನಂಬಿಕೆ ಮಾತ್ರ ಬರಲಿಲ್ಲ.

ಮರುದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗದೆ, ಇಮ್ತಿಯಾಜನನ್ನು ಕರೆದುಕೊಂಡು ಸೇತುವೆ ಪಕ್ಕದ ರಾಚಪ್ಪನ ಮಿರ್ಚಿ ಅಂಗಡಿಗೆ ಹೋದಳು. ರಾಚಪ್ಪನ ಮಿರ್ಚಿ, ಅದರ ಜೊತೆಗೊಂದು ಗ್ಲಾಸು ಮಜ್ಜಿಗೆ ಊರಿಗೇ ಹೆಸರುವಾಸಿ. ಆ ದಿನ ಮಿರ್ಚಿ ಇತ್ತು, ಮಜ್ಜಿಗೆ ಇರಲಿಲ್ಲ.

“ಮೊಸರ ಹೆಪ್ಪಾಗವಲ್ದ್ರಿ ಅಕ್ಕಾರ,” ಎಂದ ರಾಚಪ್ಪ ಸೌಟು ಬಡಿಯುತ್ತ. “ಬಾಣಂತಿ ಮನ್ಯಾಗ ಆಗವಲ್ದು ಅಂತ ಊರೆಲ್ಲಾ ಡಂಗುರ ಹೊಡೀತೈತಿ. ನನ್ನ ಅಂಗಡ್ಯಾಗ ಯಾವ ಬಾಣಂತಿ ಅದಾಳ್ರಿ? ನಾನss ಏನು?”

ಪಕ್ಕದಲ್ಲಿದ್ದವರು ಗೊಳ್ಳೆಂದು ನಕ್ಕರು. ನೀಲಾಂಬಿಕಾಗೆ ನಗು ಬರಲಿಲ್ಲ. “ಮನ್ಯಾಗಿನ ಮೊಸರು?” ಎಂದು ಕೇಳಿದಳು.

“ಮನ್ಯಾಗ ಸುದ್ದ ಆಗತೈತ್ರಿ. ಅದ ಹಾಲು, ಅದ ಹೆಪ್ಪು, ಅದ ನಳದ ನೀರು. ಅಂಗಡಿಗೆ ತಂದು ಹಾಕಿದ್ರ ಹಾಲು ಹಾಲಾಗೇ ಇರತೈತಿ.” ಹೇಳುತ್ತಲೇ ರಾಚಪ್ಪ ಹೊಸದಾಗಿ ಕಡಲೆಹಿಟ್ಟು ಕಲಸಲು ಕುಳಿತ. ಉಪ್ಪು ಹಾಕಿದ. ಡಬ್ಬಿಯಿಂದ ಒಂದು ಹಿಡಿ ಕಾಳು ತೆಗೆದು ಎರಡೂ ಅಂಗೈ ನಡುವೆ ಗಸಗಸ ತಿಕ್ಕಿ ಹಿಟ್ಟಿಗೆ ಉದುರಿಸಿದ. ಅದೇ ಕೈಯನ್ನು ಪಕ್ಕದ ಬಕೆಟ್ಟಿನಲ್ಲಿ ಅದ್ದಿ ತೊಳೆದ. ಆ ಬಕೆಟ್ಟಿನಲ್ಲೇ ಗ್ಲಾಸು, ಪಾತ್ರೆ, ಮೊಸರಿನ ಗಡಿಗೆ ಎಲ್ಲ ತೊಳೆಯುವುದು.

ಗಾಳಿಗೆ ಅಜವಾನದ ವಾಸನೆ ತೇಲಿ ಬಂತು.

ಬಾಣಂತಿ ಕೋಣೆಯ ವಾಸನೆ. ಅವ್ವನ ಕೈಯ ವಾಸನೆ. ನೀಲಾಂಬಿಕಾಳ ಕೈಯಲ್ಲಿದ್ದ ಮಿರ್ಚಿ ತಟ್ಟೆಗೆ ಬಿತ್ತು. ಮನೆಯಿಂದ ಸೀರೆಗೆ ಅಂಟಿ ಬರುತ್ತದೆಂದು ತಾನು ದಿನವೂ ಅಂದುಕೊಂಡ ವಾಸನೆ ಅದು. ದಿನವೂ ಘಟಕದಲ್ಲಿ, ಆ ಬಿಳಿ ಹರಳಿನ ಡಬ್ಬಿಯ ಪಕ್ಕದಲ್ಲೇ ಬರುತ್ತಿತ್ತು.

“ಸಾಹೇಬ್ರ,” ಎಂದಳು. “ನಿಮ್ಮ ಲಗಾಮು ಏನ್ರಿ ಅದು? ಯಾವುದರಿಂದ ತಗೀತಾರ?”

“ಥೈಮಾಲ್ ಅಂತ ಅಕ್ಕಾರ. ಫ್ಯಾಕ್ಟರ್ಯಾಗ ಮಾಡ್ತಾರ. ಮೊದಲ ಯಾವುದೋ ಕಾಳಿನ ಎಣ್ಣಿಯಿಂದ...” ಇಮ್ತಿಯಾಜ್ ಅಲ್ಲಿಗೇ ನಿಂತ. ರಾಚಪ್ಪನ ಕೈಯನ್ನೇ ನೋಡಿದ.

ಅವನ ತಂಡದಲ್ಲಿ ಇದ್ದವರೆಲ್ಲ ಗಂಡಸರು. ಒಬ್ಬನೂ ಬಾಣಂತಿ ಕೋಣೆಯ ಹೊಸ್ತಿಲು ದಾಟಿದವನಲ್ಲ. ಗಟಾರದ ನೀರು, ಹೊಳೆಯ ನೀರು ಎಲ್ಲವನ್ನೂ ಅಳೆದಿದ್ದರು. ಊರೆಲ್ಲದರ ಗಟಾರದಲ್ಲಿ ಕರಗಿಹೋದ ಒಂದು ಹಿಡಿ ಅಜವಾನ ಯಾವ ಯಂತ್ರಕ್ಕೆ ಕಂಡೀತು? ಒಂದು ಚೊಂಬು ಬಿಸಿನೀರಿನಲ್ಲಿ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಎಷ್ಟು ದಟ್ಟವಾಗಿರುತ್ತದೆ ಎಂಬುದನ್ನು ಯಾರೂ ಅಳೆದಿರಲಿಲ್ಲ. ಅಳೆಯಬೇಕೆಂದು ಹೊಳೆಯಬೇಕಾದವಳು ತಾನೊಬ್ಬಳೇ ಎಂದುಕೊಂಡಾಗ ನೀಲಾಂಬಿಕಾಗೆ ತನ್ನ ಮೂಗಿನ ಮೇಲೇ ಸಿಟ್ಟು ಬಂತು.

ಘಟಕಕ್ಕೆ ಮರಳಿ ಎರಡು ಬಟ್ಟಲು ಹಾಲಿಟ್ಟರು. ಎರಡಕ್ಕೂ ಅದೇ ನಲ್ಲಿ ನೀರು ಹನಿಸಿ, ಅದೇ ಹೆಪ್ಪು ಹಾಕಿದರು. ಒಂದಕ್ಕೆ ಮಾತ್ರ ಅಜವಾನ ಕುದಿಸಿದ ನೀರು ಒಂದು ಚಮಚ. ಬೆಳಗಾಗುವಷ್ಟರಲ್ಲಿ ಒಂದು ಬಟ್ಟಲು ಗಟ್ಟಿ ಮೊಸರು, ಇನ್ನೊಂದು ನೀರುಹಾಲು. ಇಮ್ತಿಯಾಜ್ ಆ ನೀರುಹಾಲಿನ ಹನಿಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ.

“ಸತ್ತಿರಲಿಲ್ರಿ,” ಎಂದ ಕೊನೆಗೆ. “ನಿದ್ದಿ ಮಾಡಿದ್ದವು. ಹರಳು ಸಿಗದಿದ್ರ ಗಟ್ಟಿ ಸಿಪ್ಪಿ ಕಟ್ಟಿಕೊಂಡು ಬೀಜ ಆಗ್ತಾವು. ಬೀಜ ಕ್ಲೋರಿನ್ನಿಗೂ ಸಾಯಂಗಿಲ್ಲ, ಕುದಿಸಿದ್ರೂ ಸಾಯಂಗಿಲ್ಲ. ಅಜವಾನ ಸಿಕ್ಕಕೂಡಲೇ ಎದ್ದು ಕುಂದರತಾವು.”

ಒಳಲೆಯ ಆ ಎರಡು ಹನಿಯಲ್ಲಿ ಬೀಜವೂ ಇತ್ತು, ಬೀಜಕ್ಕೆ ಬೇಕಾದ ಗೊಬ್ಬರವೂ ಇತ್ತು. ದೊಡ್ಡವರ ಹೊಟ್ಟೆ ತುಂಬಿದ ಸಂತೆ, ಹೊಸಬನಿಗೆ ಅಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಹಸುಗೂಸಿನ ಹೊಟ್ಟೆ ಖಂಡೇ ಪೂಜೆಗೆ ತೊಳೆದಿಟ್ಟ ತೊಟ್ಟಿ. ತಾಯಿಯಿಂದ ಬಂದ ಒಳ್ಳೆಯ ಜೀವಿಗಳು ಅಲ್ಲಿ ಆಗಷ್ಟೇ ಮನೆ ಹೂಡುತ್ತಿರುತ್ತವೆ. ಅವೆಲ್ಲವನ್ನೂ ಹೊಸ ಹೆಪ್ಪು ಕೊಂದು ಹಾಕುತ್ತಿತ್ತು. ಕೂಸು ಅತ್ತಷ್ಟೂ ಮನೆಯವರು ಅಜವಾನ ಹೆಚ್ಚಿಸುತ್ತಿದ್ದರು.

ಇಬ್ಬರೂ ಅಲ್ಲಿಂದ ನೇರ ಅಧ್ಯಕ್ಷರ ಮನೆಗೆ ಹೋದರು. ಅಧ್ಯಕ್ಷರು ಕೆಟ್ಟ ಮನುಷ್ಯರೇನಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಎಲ್ಲವನ್ನೂ ಕೇಳಿ, “ಅಜವಾನ ಬಿಡ್ರಿ ಅಂತ ಹೇಳಿದ್ರ ಆತಲ್ಲ, ನೀರು ಯಾಕ ಬಂದ್ ಮಾಡಬೇಕು?” ಎಂದರು. ಮುಂದಿನ ವಾರ ಹೊರಗಿನ ಊರುಗಳಿಂದ ಘಟಕ ನೋಡಲು ಬರುವವರಿದ್ದರು. ಹಾರ ತುರಾಯಿ ಎಲ್ಲ ಹೇಳಿಯಾಗಿತ್ತು.

“ನಳದಾಗಿನ ನೀರಿನ್ಯಾಗ ಬೀಜ ಐತ್ರಿ,” ಎಂದಳು ನೀಲಾಂಬಿಕಾ. “ಯಾರ್ಯಾರ ಮನ್ಯಾಗ ಯಾವಾಗ ಅಜವಾನ ಬೀಳತೈತಿ ಅಂತ ಕಾಯ್ಕೊಂತ ಕುಂದ್ರೂಣೇನು?”

“ಹೊಳಿ ಮತ್ತ ನಾರತೈತಿ. ಊರಿಗೆ ಕುಡಿಯಾಕ ನೀರಿರಂಗಿಲ್ಲ. ಮಂದಿ ನಿನ್ನ ಬಾಯಿಗೆ ಬಂದಂಗ ಬೈತಾರ.”

“ಬಯ್ಯಲಿ. ನನ್ನ ಮೊಮ್ಮಗಳು ನನಗ ಬೇಕು.”

ಅಧ್ಯಕ್ಷರು ಯೋಚಿಸಿ ಹೇಳುತ್ತೇನೆ ಎಂದರು. ನೀಲಾಂಬಿಕಾ ಅವರು ಯೋಚಿಸಿ ಮುಗಿಸುವವರೆಗೆ ಕಾಯಲಿಲ್ಲ. ಘಟಕಕ್ಕೆ ಹೋಗಿ ಕುಡಿಯುವ ನೀರಿನ ಟ್ಯಾಂಕಿಗೆ ಹೋಗುವ ವಾಲ್ವನ್ನು ತಿರುಗಿಸಿ ಮುಚ್ಚಿದಳು. ತೊಟ್ಟಿಗೆ ಹರಳು ಉದುರಿಸುವ ಯಂತ್ರದಿಂದ ಡಬ್ಬಿಯನ್ನು ಕಿತ್ತು ಇಮ್ತಿಯಾಜನ ಕೈಗೆ ಕೊಟ್ಟಳು. ಅವನು ಅದನ್ನು ಮುಟ್ಟಲೂ ಅಂಜಿದವನಂತೆ ದೂರ ಹಿಡಿದು ನಿಂತ. ಕುಂಬಾರ ಓಣಿ ಯಾವ ಕಡೆ ಎಂದು ಕೇಳಿದ. ಅವಳು ತೋರಿಸಿದಳು. ಅವನು ಆ ಕಡೆಗೇ ನಡೆದುಹೋದ.

ಇನ್ನು ಉಳಿದದ್ದು ಮನೆ. ಅದೇ ಎಲ್ಲಕ್ಕಿಂತ ಕಷ್ಟ.

ಬಸಲಿಂಗವ್ವ ಬಚ್ಚಲಲ್ಲಿ ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕೂಸಿನ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಒಲೆಯ ಮೇಲೆ ಅಜವಾನದ ನೀರು ಕುದಿಯುತ್ತಿತ್ತು. ನೀಲಾಂಬಿಕಾ ಮೊದಲು ಒಲೆ ಆರಿಸಿದಳು. ಆಮೇಲೆ ಅವ್ವನ ಪಕ್ಕದಲ್ಲಿ, ಒದ್ದೆ ಕಲ್ಲಿನ ಮೇಲೇ ಕುಳಿತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

ಬಸಲಿಂಗವ್ವನ ಕೈ ನಿಂತಿತು.

“ನಾ ಕುಡಿಸಿದ್ದಾ?” ಎಂದಳು.

“ನೀ ಅಲ್ಲ ಯವ್ವಾ. ನೀರಿನ್ಯಾಗ ಇದ್ದದ್ದು. ನಾವು ಹಾಕಿದ್ದು. ನಾನು ನೋಡ್ಕೋಬೇಕಿತ್ತು, ನೋಡಲಿಲ್ಲ.”

“ಕುಂಬಾರ ಓಣಿ ಕೂಸಿಗೆ ನಾನss ಒಳಲಿ ಹಿಡಿದೀನಿ ನೀಲಾ. ಒಲ್ಲೆ ಅಂತ ಬಾಯಿ ತಿರುವಿತ್ತು. ಗಲ್ಲ ಹಿಡಿದು ಕುಡಿಸೀನಿ.”

ಮುದುಕಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕೂಸನ್ನು ಮೆಲ್ಲಗೆ ಎತ್ತಿ ನೀಲಾಂಬಿಕಾಳ ಮಡಿಲಿಗೆ ಹಾಕಿ, ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಳು. ಹಗಲೆಲ್ಲ ಒಂದು ತುತ್ತು ಮುಟ್ಟಲಿಲ್ಲ. ಸುಮಿತ್ರಾ ಬಂದು ಮಾತಾಡಿಸಿದರೂ ತಿರುಗಲಿಲ್ಲ.

ಸಂಜೆ ತಾನಾಗಿಯೇ ಎದ್ದಳು. ಮನೆಯ ಅಜವಾನದ ಡಬ್ಬಿಯನ್ನು ತಿಪ್ಪೆಗೆ ಸುರಿದು ಬಂದು ಸೀರೆ ಬದಲಿಸಿದಳು. “ಪುರಸಭೆಯವರು ಹೇಳಿದ್ರ ಯಾರ್ ಕೇಳ್ತಾರ? ನಿಮ್ಮ ಡಾಕ್ಟ್ರು ಹೇಳಿದ್ರ ಯಾರ್ ಕೇಳ್ತಾರ?” ಎಂದಳು. “ಅಜವಾನ ಕುಡಸ್ರಿ ಅಂತ ಮನಿಮನಿಗೆ ಹೇಳಿದಾಕಿ ನಾನು. ಬ್ಯಾಡ ಅಂತ ನಾನss ಹೇಳಬೇಕು.”

ಮೊದಲು ಹೋದದ್ದು ಕುಂಬಾರ ಓಣಿಗೆ. ಅಲ್ಲಿ ಏನು ನಡೆಯಿತೆಂದು ಅವಳು ಯಾರಿಗೂ ಹೇಳಲಿಲ್ಲ. ಆಮೇಲೆ ಪ್ರತಿ ಬಾಣಂತಿ ಮನೆಗೂ ಹೋದಳು. ಕೆಲವರು ಬಾಗಿಲು ಮುಚ್ಚಿದರು. ಒಂದು ಮನೆಯಲ್ಲಿ ಕೆಟ್ಟ ಮಾತೂ ಬಂತು. ಆದರೆ ಅವಳು ಹೊಸ್ತಿಲ ಮೇಲೆ ಕುಳಿತರೆ ಅಜವಾನದ ಡಬ್ಬಿ ಹೊರಗೆ ಬರುವವರೆಗೆ ಏಳುತ್ತಿರಲಿಲ್ಲ.

ಊರು ಮತ್ತೆ ನಾರತೊಡಗಿತು. ಹಳೆಯ ಹೆಪ್ಪನ್ನು ತೊಳೆದು ಕಳಿಸಿಯಾಗಿತ್ತಲ್ಲ, ಹೊಸದಾಗಿ ಹುಟ್ಟಿಸಬೇಕಿತ್ತು. ತೊಟ್ಟಿಗೆ ಸುಣ್ಣ ಸುರಿದು, ಖಾಲಿ ಮಾಡಿ, ಮತ್ತೆ ತುಂಬಿ, ಬುಟ್ಟಿಗಟ್ಟಲೆ ಸಗಣಿ ಕದಡಿದರು. ಆಕಳ ಹೊಟ್ಟೆಯ ಜೀವಿಗಳು ಊರಿನ ಹೊಲಸಿಗೆ ಒಗ್ಗಿಕೊಳ್ಳಬೇಕೆಂದರೆ ತಿಂಗಳು ಹಿಡಿಯುತ್ತದೆ. ಅಷ್ಟರವರೆಗೆ ಕರಿನೀರು ಹಾಗೆಯೇ ಹೊಳೆಗೆ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಬಂದಷ್ಟಕ್ಕೂ ಜಗಳ. ಕೊಡ ಹಿಡಿದು ನಿಂತವರು ನೀಲಾಂಬಿಕಾಳನ್ನು ಕಂಡರೆ ಬೇಕೆಂದೇ ಜೋರಾಗಿ ಕ್ಯಾಕರಿಸುತ್ತಿದ್ದರು. ಹೊಳೆಯ ಬೆಂಚಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ಅಧ್ಯಕ್ಷರು ತಮ್ಮ ಹೆಸರಿನ ಮೇಲೆ ಬಣ್ಣ ಬಳಿಸಿದರು. ಇಮ್ತಿಯಾಜ್ ಊರು ಬಿಟ್ಟು ಹೋಗಲಿಲ್ಲ. ಅವನ ಕೇಂದ್ರದವರು ಕರೆಸಿಕೊಂಡರೂ ಹೋಗಲಿಲ್ಲ. ಸಗಣಿ ಬುಟ್ಟಿ ಹೊತ್ತು ತೊಟ್ಟಿಗೆ ಸುರಿಯುತ್ತಿದ್ದವನನ್ನು ನೋಡಿ ಯಾರೂ ವಿಜ್ಞಾನಿ ಎನ್ನುತ್ತಿರಲಿಲ್ಲ.

ಕೂಸಿಗೆ ಈಗ ತಾಯಿಯ ಹಾಲು ಬಿಟ್ಟರೆ ಬೇರೇನೂ ಇಲ್ಲ. ತಾಯಿಯ ಹಾಲಿನಲ್ಲೇ ಹೆಪ್ಪು ಇದೆ, ಹೊಟ್ಟೆ ತಾನೇ ಮತ್ತೆ ಮನೆ ಹೂಡುತ್ತದೆ, ಕಾಯಿರಿ ಎಂದಿದ್ದರು ಡಾಕ್ಟರು. ಕಾಯುವುದು ಎಂಬ ಮಾತು ಹೇಳುವವರಿಗೆ ಸುಲಭ. ಸುಮಿತ್ರಾ ಕೂಸಿನ ಹೊಟ್ಟೆಯನ್ನು ತಾಸಿಗೊಮ್ಮೆ ಮುಟ್ಟಿ ನೋಡುತ್ತಿದ್ದಳು. ನೀಲಾಂಬಿಕಾ ಘಟಕದಿಂದ ಬಂದವಳು ಮೊದಲು ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದಳು, ಕುಂಯ್ಗುಡುವ ಸದ್ದೋ ಅಲ್ಲವೋ ಎಂದು.

ಒಂದು ಮುಂಜಾನೆ ಕೂಸು ಓಣಿಗೇ ಕೇಳಿಸುವ ಹಾಗೆ ಕಿರುಚಿತು. ಎಲ್ಲರೂ ಗಾಬರಿಯಾಗಿ ಓಡಿ ಬಂದರೆ, ಹಸಿವಿಗೆ! ಹಾಲು ತಡವಾಯಿತೆಂಬ ಸಿಟ್ಟಿಗೆ! ಹೊಟ್ಟೆ ಮೆತ್ತಗಿತ್ತು. ಅದರ ಸಿಟ್ಟು ಕಂಡು ಸುಮಿತ್ರಾ ಅಳುತ್ತಳುತ್ತಲೇ ನಕ್ಕಳು. ಬಸಲಿಂಗವ್ವ ಅಡುಗೆ ಮನೆಯಿಂದ ಮೊಸರಿನ ಬಟ್ಟಲು ತಂದು ಮಗಳ ಮುಂದೆ ಬೋರಲು ಹಿಡಿದಳು. ಒಂದು ಹನಿಯೂ ಬೀಳಲಿಲ್ಲ.

ಆಮೇಲೆ ಮುದುಕಿ, ಹೆರಿಗೆಯ ದಿನದಿಂದ ಮುಚ್ಚಿದ್ದ ಕೋಣೆಯ ಕಿಟಕಿಯನ್ನು ತಾನೇ ತೆರೆದಳು. ಹೊಳೆಯ ನಾತ ಗುಪ್ಪೆಂದು ಒಳನುಗ್ಗಿತು.

“ಎಷ್ಟ್ ನಾರತೈತಿ,” ಎಂದಳು. ಕಿಟಕಿ ಮುಚ್ಚಲಿಲ್ಲ.

ಆ ದಿನ ನೀಲಾಂಬಿಕಾ ಘಟಕಕ್ಕೆ ಹಗುರ ಮನಸ್ಸಿನಿಂದ ಹೋದಳು. ತೊಟ್ಟಿಯ ಅಂಚಿಗೆ ಕುಳಿತು ಹೊಳೆ ಹರಿಯುವುದನ್ನೇ ನೋಡುತ್ತಿದ್ದ ಇಮ್ತಿಯಾಜನಿಗೆ ಸುದ್ದಿ ಹೇಳಿದಳು. ಅವನು ಮುಗುಳ್ನಕ್ಕ, ಆದರೆ ಕಣ್ಣು ಹೊಳೆಯಿಂದ ಕೀಳಲಿಲ್ಲ.

“ಬೀಜ ಸಾಯಂಗಿಲ್ರಿ ಅಕ್ಕಾರ,” ಎಂದ. “ನಾವು ಖಂಡೇ ಪೂಜಿಯಿಂದ ಇದನ್ನ ಹೊಳಿಗೆ ಬಿಟ್ಟೇವಿ.”

ಹೊಳೆ ಕೆಳಗಡೆ ಹೋಗುತ್ತದೆ. ಕೆಳಗಡೆಯೂ ಊರುಗಳಿವೆ, ಆ ಊರುಗಳೂ ಹೊಳೆಯ ನೀರನ್ನೇ ಕುಡಿಯುತ್ತವೆ. ನೀಲಾಂಬಿಕಾಳ ಹಗುರ ಮನಸ್ಸು ಅಲ್ಲಿಗೇ ಮುಗಿಯಿತು. ಒಳಗೆ ಹೋಗಿ ಫೋನು ಎತ್ತಿಕೊಂಡಳು. ಕೆಳಗಿನ ಊರಿನ ನೀರು ಸರಬರಾಜಿನ ಎಂಜಿನಿಯರ್ ಹುಡುಗ ಮನೆಯಲ್ಲೇ ಇದ್ದ. ಹೊಳೆಬಸ್ತಿಯ ಘಟಕದವರೆಂದರೆ ಅವನಿಗೆ ಗೌರವ. ನಿಮ್ಮ ಪುಣ್ಯದಿಂದ ನಮ್ಮ ಊರಿನ ನೀರೂ ತಿಳಿಯಾಗಿತ್ತು, ಈಗ್ಯಾಕೋ ಮತ್ತೆ ಕೆಟ್ಟಿದೆ ಎಂದ.

“ತಮ್ಮಾ, ಒಂದು ಮಾತು ಕೇಳ್ತೀನಿ, ನಗಬ್ಯಾಡ,” ಎಂದಳು ನೀಲಾಂಬಿಕಾ. “ನಿಮ್ಮ ಮನ್ಯಾಗ ಮೊಸರು ಹೆಪ್ಪಾಗಾಕತ್ತೈತೇನು?”

ಅವನು ನಕ್ಕೇಬಿಟ್ಟ. “ಇದೇನ್ರಿ ಮೇಡಮ್ಮರ, ಆಫೀಸಿನ ಮಾತು ಬಿಟ್ಟು ಮೊಸರಿನ ಸುದ್ದಿ?” ಎನ್ನುತ್ತ ಒಳಗೆ ಹೋಗಿ ಯಾರನ್ನೋ ಕೂಗಿ ಕೇಳಿದ. ಮರಳಿ ಬಂದಾಗ ದನಿಯಲ್ಲಿ ನಗು ಇರಲಿಲ್ಲ.

“ಇಲ್ಲಂತ್ರಿ. ಒಂದ ವಾರ ಆತಂತ. ನಿಮಗ ಹೆಂಗ ಗೊತ್ತಾತು ಅಂತ ನನ್ನ ಹೆಂಡತಿ ಬಾಣಂತಿ ಕೋಣ್ಯಾಗಿಂದ ಕೇಳಾಕತ್ತಾಳ.”

ಅವನ ಹಿಂದೆ ಒಂದು ಕೂಸು ಅಳುತ್ತಿತ್ತು. ಜೋರಾಗಿ ಅಲ್ಲ, ಕುಂಯ್ ಎಂದು.

ನೀಲಾಂಬಿಕಾ ಕುರ್ಚಿಯಿಂದ ಎದ್ದು ನಿಂತಳು.

“ತಮ್ಮಾ, ಹೊಸ್ತಿಲು ದಾಟಿ ಒಳಗ ಹೋಗು,” ಎಂದಳು. “ಫೋನು ಆಕಿ ಕೈಗೆ ಕೊಡು.”